ಘಟ್ಟದ ತಿರುವಿನಲ್ಲಿ ಮಿನುಗಿ ಆರುವ ಕೆಂಪು ದೀಪ: ಗಾಡಿ ಓಡಿಸಬಹುದೇ?

ಹುಲೇಕಲ್‌ ಕಡೆಯವಳು

ಅಮ್ಮನನ್ನು ವೈದ್ಯರಿಗೆ ತೋರಿಸಲು ಶಿರಸಿಯಿಂದ ಕುಮಟಾಕ್ಕೆ ಆಗಾಗ ಹೋಗುತ್ತೇನೆ. ನಮ್ಮದು ಹಳೆಯ ಪೆಟ್ರೋಲ್‌ ಕಾರು. ಈ ಸಲ ದೇವಿಮನೆ ಘಟ್ಟ ಇಳಿಯುವಾಗ, ಕಡಿದಾದ ತಿರುವುಗಳಲ್ಲಿ ಮಾತ್ರ, ಮೀಟರಿನಲ್ಲಿ ಎಣ್ಣೆಯ ಗಿಂಡಿಯ ಕೆಂಪು ಚಿತ್ರ ಒಂದು ಕ್ಷಣ ಹೊತ್ತಿ ಆರುತ್ತಿತ್ತು. ತಿರುವು ಮುಗಿದರೆ ದೀಪವೂ ಇಲ್ಲ. ಕತಗಾಲ ದಾಟಿ ರಸ್ತೆ ಸಪಾಟಾದ ಮೇಲೆ ಒಮ್ಮೆಯೂ ಕಾಣಿಸಲಿಲ್ಲ.

ಪೇಟೆಯಲ್ಲಿ ಒಂದು ವರ್ಕ್‌ಶಾಪಿಗೆ ಹೋದೆ. ಬಾನೆಟ್‌ ಕೂಡ ಎತ್ತದೆ, ‘ಸೆನ್ಸರ್‌ ಹಾಳಾಗಿರಬೇಕು, ಚಿಂತೆ ಬೇಡ, ಓಡಿಸಿ’ ಎಂದು ಕಳುಹಿಸಿದರು. ನನಗೆ ಸಮಾಧಾನವಾಗಿಲ್ಲ. ನಾಳೆ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಘಟ್ಟ ಹತ್ತಬೇಕು. ಘಟ್ಟದ ನಡುವೆ ಮೊಬೈಲಿಗೆ ಸಿಗ್ನಲ್‌ ಸಿಗುವುದಿಲ್ಲ. ಬಲ್ಲವರು ದಯವಿಟ್ಟು ಹೇಳಿ: ಇದನ್ನು ನಂಬಿ ಹೊರಡಬಹುದೇ?

ಕುಮಟಾ ಗ್ಯಾರೇಜು

ಹೊರಡಬೇಡಿ. ಮೊದಲು ಆಯಿಲ್‌ ಅಳತೆ ನೋಡಿ, ಆಮೇಲೆ ಉಳಿದ ಮಾತು.

ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ. ಇಳಿಜಾರಿನ ಅಂಗಳದಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್‌ ಆಫ್‌ ಮಾಡಿ ಐದು ಹತ್ತು ನಿಮಿಷ ಬಿಡಿ. ಮೇಲಿರುವ ಆಯಿಲ್‌ ಕೆಳಗಿಳಿಯಲಿ. ಡಿಪ್‌ಸ್ಟಿಕ್‌ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಕೆಳಗಿನ ಗುರುತಿಗಿಂತ ಮೇಲೆ ಇರಲೇಬೇಕು. ಎರಡು ಗುರುತುಗಳ ನಡುವಿನ ಅಂತರ ಎಂದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಸುಮಾರು ಒಂದು ಲೀಟರ್‌.

ಈಗ ಕಾರಣ ಹೇಳುತ್ತೇನೆ. ಆ ದೀಪ ಎಂಜಿನ್‌ನಲ್ಲಿ ಎಷ್ಟು ಆಯಿಲ್‌ ಇದೆ ಎಂದು ಹೇಳುವುದಿಲ್ಲ, ಆಯಿಲ್‌ನ ಒತ್ತಡ ಬಿದ್ದಿದೆ ಎಂದು ಹೇಳುತ್ತದೆ. ಎಂಜಿನ್‌ ತಳದ ತೊಟ್ಟಿಯಲ್ಲಿ ನಿಂತ ಆಯಿಲನ್ನು ಪಂಪ್‌ ಒಂದು ಕೊಳವೆಯಿಂದ ಹೀರಿ ಮೇಲಕ್ಕೆ ಕಳುಹಿಸುತ್ತದೆ. ಆಯಿಲ್‌ ಕಡಿಮೆ ಇದ್ದಾಗ, ತಿರುವಿನಲ್ಲಿ ಗಾಡಿ ವಾಲಿದರೆ ತಟ್ಟೆಯ ನೀರು ಓರೆಯಾದಂತೆ ಅದು ಒಂದು ಬದಿಗೆ ಸರಿಯುತ್ತದೆ. ಕೊಳವೆಯ ಬಾಯಿ ಬರಿದಾಗಿ ಪಂಪ್‌ ಗಾಳಿ ಹೀರುತ್ತದೆ. ಆ ಕ್ಷಣ ಒತ್ತಡ ಇಲ್ಲ, ದೀಪ ಹೊತ್ತುತ್ತದೆ. ರಸ್ತೆ ನೇರವಾದರೆ ಆಯಿಲ್‌ ಮರಳಿ ಬರುತ್ತದೆ, ದೀಪ ಆರುತ್ತದೆ. ಆದರೆ ಆ ಕ್ಷಣದಲ್ಲಿ ಬೇರಿಂಗುಗಳು ಒಣಗಿ ತಿರುಗಿರುತ್ತವೆ.

ಸೆನ್ಸರ್‌ ಕೆಟ್ಟಿದ್ದರೆ ಅದಕ್ಕೆ ತಿರುವು ಯಾವುದು, ನೇರ ರಸ್ತೆ ಯಾವುದು ಎಂದು ತಿಳಿಯದು. ತಿರುವಿನಲ್ಲಿ ಮಾತ್ರ ಹೊತ್ತುವ ದೀಪ ಬಹುಪಾಲು ನಿಜವನ್ನೇ ಹೇಳುತ್ತಿರುತ್ತದೆ. ಬಯಲು ಸೀಮೆಯಲ್ಲಿ ಓಡುವ ಗಾಡಿಗೆ ಈ ಸೂಚನೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ನಮ್ಮ ಘಟ್ಟ ಮುಂಚೆಯೇ ತೋರಿಸಿಕೊಟ್ಟಿದೆ.

ಹುಲೇಕಲ್‌ ಕಡೆಯವಳು

ಈಗಷ್ಟೇ ನೋಡಿ ಬಂದೆ. ಕಡ್ಡಿಯ ತುದಿಯಲ್ಲಿ ಮಾತ್ರ ಸ್ವಲ್ಪ ಅಂಟಿದೆ, ಕೆಳಗಿನ ಗುರುತಿಗಿಂತಲೂ ಕೆಳಗೆ. ಬಣ್ಣ ಕಪ್ಪು. ಗಾಡಿ ನಿಂತ ಜಾಗದಲ್ಲಿ ನೆಲದ ಮೇಲೆ ಕಲೆಯೂ ಕಾಣುತ್ತಿದೆ. ಅಂಗಡಿಯಿಂದ ಆಯಿಲ್‌ ತಂದು ಸುರಿದರೆ ಸಾಕೇ?

ಕುಮಟಾ ಗ್ಯಾರೇಜು

ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಗ್ರೇಡ್‌ ನೋಡಿ ಅದನ್ನೇ ತನ್ನಿ. ಒಮ್ಮೆಲೇ ಸುರಿಯಬೇಡಿ. ಅರ್ಧ ಲೀಟರ್‌ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮೇಲಿನ ಗುರುತು ದಾಟಬಾರದು.

ಆದರೆ ಕಲೆ ಇದೆ ಎಂದಿರಿ. ಹಾಗಾದರೆ ಹೋದ ದಾರಿ ಹುಡುಕದೆ ಘಟ್ಟ ಹತ್ತುವುದು ಬೇಡ. ಡ್ರೈನ್‌ ಬೋಲ್ಟ್‌, ಆಯಿಲ್‌ ಫಿಲ್ಟರ್‌, ಮೇಲಿನ ಕವರ್‌ನ ಗ್ಯಾಸ್ಕೆಟ್‌, ಈ ಮೂರು ಕಡೆ ಮೊದಲು ನೋಡುತ್ತಾರೆ. ಲಿಫ್ಟ್‌ ಇರುವ ಕಡೆ ಗಾಡಿ ಎತ್ತಿಸಿ, ಟಾರ್ಚ್‌ ಹಿಡಿದು ನೀವೂ ಜೊತೆಗೆ ನಿಂತು ನೋಡಿ. ಬಾನೆಟ್‌ ಎತ್ತದೆ ತೀರ್ಪು ಕೊಡುವವರಿಗೆ ಗಾಡಿ ಕೊಡಬೇಡಿ.

ಇನ್ನೊಂದು ಬಗೆಯೂ ಇದೆ. ಆಯಿಲ್‌ ಸರಿಯಾಗಿದ್ದು, ಎಂಜಿನ್‌ ಬಿಸಿಯಾಗಿ, ಗಾಡಿ ನಿಂತಲ್ಲೇ ಎಂಜಿನ್‌ ಓಡುತ್ತಿರುವಾಗ ದೀಪ ಮಿನುಗಿ, ಆಕ್ಸಿಲರೇಟರ್‌ ಒತ್ತಿದರೆ ಆರುತ್ತದೆ. ಅದು ಆಯಿಲ್‌ ತೆಳ್ಳಗಾಗಿರುವ, ಪಂಪ್‌ ಅಥವಾ ಬೇರಿಂಗ್‌ ಸವೆದಿರುವ ಲಕ್ಷಣ. ಅದಕ್ಕೆ ಆಯಿಲ್‌ ತುಂಬಿಸುವುದು ಪರಿಹಾರವಲ್ಲ. ಗೇಜ್‌ ಹಾಕಿ ಒತ್ತಡ ಅಳೆಯಬೇಕು.

ಮತ್ತು ದೀಪ ಆರದೆ ಹೊತ್ತಿಕೊಂಡೇ ನಿಂತರೆ, ‘ಮುಂದಿನ ಊರಿನವರೆಗೆ’ ಎಂಬ ಮಾತೇ ಇಲ್ಲ. ಗಾಡಿ ನಿಲ್ಲಿಸಿ, ಎಂಜಿನ್‌ ಆಫ್‌ ಮಾಡಿ.

ಗೇರುಸೊಪ್ಪೆ ಇಳಿಜಾರು

ಕೊನೆಯ ಸಾಲಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ಮೊದಲು ನಿಲ್ಲಿಸಿ, ಆಮೇಲೆ ಆಫ್‌’. ಕೆಂಪು ದೀಪ ಕಂಡ ಗಾಬರಿಯಲ್ಲಿ ಇಳಿಜಾರಿನಲ್ಲೇ ಕೀ ತಿರುಗಿಸಿ, ಗಾಡಿಯನ್ನು ಹಾಗೇ ಉರುಳಲು ಬಿಡುವವರಿದ್ದಾರೆ. ಎಂಜಿನ್‌ ನಿಂತರೆ ಬ್ರೇಕ್‌ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟೇ ಸಹಾಯ ಉಳಿದಿರುತ್ತದೆ. ಆಮೇಲೆ ಪೆಡಲ್‌ ಕಲ್ಲಾಗುತ್ತದೆ, ಸ್ಟಿಯರಿಂಗ್‌ ಭಾರವಾಗುತ್ತದೆ. ಘಟ್ಟದಲ್ಲಿ ಎಂಜಿನ್‌ ಹೋದರೆ ಹಣ ಹೋಗುತ್ತದೆ, ಬ್ರೇಕ್‌ ಹೋದರೆ ಮನುಷ್ಯರೇ ಹೋಗುತ್ತಾರೆ.

ಅರಬೈಲ್‌ ದಾರಿ

ಎಲ್ಲಿ ನಿಲ್ಲಿಸಬೇಕು ಎಂಬುದೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡಕ್ಕೆ ಗಾಡಿ ತಾಗಿಸಿ ನಿಲ್ಲುವುದು ನಮ್ಮ ಜಿಲ್ಲೆಯಲ್ಲಿ ಮಾಡಲೇಬಾರದ ಕೆಲಸ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ 66ನೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಅಲ್ಲಿ ಮಣ್ಣಿನಡಿ ಸಿಲುಕಿದವರಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದವರೂ ಇದ್ದರು. ಎಂಜಿನ್‌ಗೆ ಪೆಟ್ಟಾದರೂ ಸರಿ, ಕಣ್ಣಳತೆಯಲ್ಲಿ ಬಯಲು ಜಾಗ ಇದ್ದರೆ ಅಲ್ಲಿಯವರೆಗೆ ನಿಧಾನ ಹೋಗಿ ನಿಲ್ಲಿಸಿ.

ಕುಮಟಾ ಗ್ಯಾರೇಜು

ಒಪ್ಪಿದೆ. ನನ್ನ ಮಾತು ಎಂಜಿನ್‌ ಉಳಿಸುವವನದು. ಜೀವದ ಮುಂದೆ ಅದು ಎರಡನೆಯದು.

ಅರಬೈಲ್‌ ದಾರಿ

ಕೆಂಪು ದೀಪಗಳಲ್ಲಿ ನಾನು ಹೆಚ್ಚು ಕಂಡಿರುವುದು ಥರ್ಮಾಮೀಟರ್‌ ಚಿತ್ರದ್ದು. ಅಂಕೋಲಾದಿಂದ ಯಲ್ಲಾಪುರಕ್ಕೆ ಬಾಡಿಗೆ ಹೊಡೆಯುವವನು ನಾನು. ಅರಬೈಲ್‌ ಘಟ್ಟದಲ್ಲಿ ತುಂಬಿದ ಲಾರಿಗಳ ಹಿಂದೆ ಒಂದನೇ ಎರಡನೇ ಗೇರಿನಲ್ಲಿ ತೆವಳುವಾಗ ಎಂಜಿನ್‌ ದುಡಿಮೆ ಹೆಚ್ಚು, ಎದುರಿನ ಗಾಳಿ ಕಡಿಮೆ. ರೇಡಿಯೇಟರ್‌ ಫ್ಯಾನ್‌ ಸರಿ ಇಲ್ಲದ ಗಾಡಿಯ ಬಣ್ಣ ಅಲ್ಲೇ ಬಯಲಾಗುತ್ತದೆ.

ಈಗಿನ ಸಣ್ಣ ಕಾರುಗಳಲ್ಲಿ ತಾಪದ ಮುಳ್ಳೇ ಇರುವುದಿಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಆದ್ದರಿಂದ ಕೆಂಪು ಕಂಡಾಗ ಆಗಲೇ ತಡವಾಗಿದೆ ಎಂದೇ ತಿಳಿಯಬೇಕು. ಏಸಿ ಆಫ್‌ ಮಾಡಿ. ನಿಲ್ಲಲು ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಬಿಸಿಗೆ, ಪೂರ್ತಿ ವೇಗಕ್ಕೆ ತಿರುಗಿಸಿ. ಎಂಜಿನ್‌ನ ಬಿಸಿ ಸ್ವಲ್ಪ ಒಳಗೆ ಬರುತ್ತದೆ, ಬೆವರಿದರೂ ಪರವಾಗಿಲ್ಲ. ನಿಂತ ಮೇಲೆ ಬಾನೆಟ್‌ನಿಂದ ಹಬೆ ಬರುತ್ತಿದ್ದರೆ ಅಥವಾ ಫ್ಯಾನ್‌ ತಿರುಗುತ್ತಿಲ್ಲದಿದ್ದರೆ ತಕ್ಷಣ ಆಫ್‌. ಹಬೆ ಇಲ್ಲ, ಸೋರಿಕೆ ಇಲ್ಲ, ಫ್ಯಾನ್‌ ತಿರುಗುತ್ತಿದೆ ಎಂದಾದರೆ ಗಾಡಿ ನಿಂತಲ್ಲೇ ಎಂಜಿನನ್ನು ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟರೆ ತಾಪ ಇಳಿಯುತ್ತದೆ.

ರೇಡಿಯೇಟರ್‌ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ಎಂಜಿನ್‌ ತಣ್ಣಗಿಡುವ ದ್ರವ, ಕೂಲಂಟ್‌, 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಮುಖಕ್ಕೇ ಚಿಮ್ಮುತ್ತದೆ. ಹಾಗೆಯೇ ಪಕ್ಕದ ಹಳ್ಳದಿಂದ ತಣ್ಣೀರು ತಂದು ಬಿಸಿ ಎಂಜಿನ್‌ ಮೇಲೆ ಎರಚುವುದು ಬೇಡ, ಲೋಹ ಬಿರುಕು ಬಿಡುತ್ತದೆ. ಪೂರ್ತಿ ಆರುವವರೆಗೆ ಕಾಯಿರಿ. ಆ ಕಾಯುವಿಕೆಗೆ ಅಡ್ಡದಾರಿ ಇಲ್ಲ.

ಮುಳ್ಳು ಇರುವ ಗಾಡಿಯವರಿಗೆ ಒಂದು ಮಾತು: ಬಿಸಿ ಏರುತ್ತಿದ್ದ ಮುಳ್ಳು ಏಕಾಏಕಿ ಕೆಳಗಿಳಿದರೆ ಸಂತೋಷಪಡಬೇಡಿ. ಕೂಲಂಟ್‌ ಪೂರ್ತಿ ಸೋರಿಹೋಗಿ ಸೆನ್ಸರ್‌ ಬರೀ ಗಾಳಿಯಲ್ಲಿ ನಿಂತಿದ್ದರೂ ಹಾಗಾಗುತ್ತದೆ.

ಸಿದ್ದಾಪುರ ಡೀಸೆಲ್‌

ಬ್ಯಾಟರಿ ಚಿತ್ರದ ಕೆಂಪು ದೀಪಕ್ಕೂ ನಿಲ್ಲಲೇಬೇಕೇ? ಹೊಸ ಬ್ಯಾಟರಿ ಇದ್ದರೆ ಊರು ಮುಟ್ಟಬಹುದು ಎಂದು ನಮ್ಮ ಕಡೆ ಹೇಳುತ್ತಾರೆ.

ಕುಮಟಾ ಗ್ಯಾರೇಜು

ಮುಟ್ಟಲೂಬಹುದು, ಆದರೆ ಒಂದು ಸಂಗತಿ ನೋಡಿಕೊಂಡ ಮೇಲೆ. ಆ ದೀಪದ ಅರ್ಥ ಬ್ಯಾಟರಿ ಕೆಟ್ಟಿದೆ ಎಂದಲ್ಲ, ಆಲ್ಟರ್ನೇಟರ್‌ ಬ್ಯಾಟರಿಯನ್ನು ತುಂಬಿಸುತ್ತಿಲ್ಲ ಎಂದು. ಎಂಜಿನ್‌ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್‌ ಇರಬೇಕು, 12.6ರ ಆಸುಪಾಸಿನಲ್ಲಿ ನಿಂತು ಇಳಿಯುತ್ತಿದ್ದರೆ ನೀವು ಕೂಡಿಟ್ಟದ್ದನ್ನು ತಿನ್ನುತ್ತಿದ್ದೀರಿ.

ಬಾನೆಟ್‌ ಎತ್ತಿ ಬೆಲ್ಟ್‌ ಇದೆಯೇ ನೋಡಿ. ಬಹಳ ಗಾಡಿಗಳಲ್ಲಿ ಆಲ್ಟರ್ನೇಟರ್‌ ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್‌ ಹರಿದಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್‌ ಕಾಯುತ್ತದೆ. ಆಗ ಒಂದು ಕಿಲೋಮೀಟರ್‌ ಕೂಡ ಬೇಡ. ಬೆಲ್ಟ್‌ ಇದ್ದರೆ ಏಸಿ, ಮ್ಯೂಸಿಕ್‌, ಹಿಂದಿನ ಗಾಜಿನ ಹೀಟರ್‌ ಆಫ್‌ ಮಾಡಿ, ಎಂಜಿನ್‌ ನಿಲ್ಲಿಸದೆ ಹತ್ತಿರದ ಊರಿಗೆ ಹೋಗಿ. ಹಗಲಾದರೆ ಮಾತ್ರ. ರಾತ್ರಿ, ಜಡಿಮಳೆ, ಹೆಡ್‌ಲೈಟ್‌, ವೈಪರ್‌ ಎಲ್ಲ ಸೇರಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ವೋಲ್ಟೇಜ್‌ ಬಿದ್ದಾಗ ಎಲೆಕ್ಟ್ರಿಕ್‌ ಪವರ್‌ ಸ್ಟಿಯರಿಂಗೂ ಕೈಕೊಡುತ್ತದೆ. ಘಟ್ಟದ ನಡುವೆ ದೀಪವೂ ಇಲ್ಲ, ಸ್ಟಿಯರಿಂಗೂ ಇಲ್ಲ ಎಂಬ ಸ್ಥಿತಿ ಯಾರಿಗೂ ಬೇಡ.

ಗೇರುಸೊಪ್ಪೆ ಇಳಿಜಾರು

ಆಯಿಲ್‌ ದೀಪಕ್ಕೆ ಹೇಳಿದ ಮಾತು ಬ್ರೇಕಿನ ದೀಪಕ್ಕೂ ಹೊಂದುತ್ತದೆ. ವೃತ್ತದೊಳಗೆ ಉದ್ಗಾರ ಚಿಹ್ನೆ ಇರುವ ಕೆಂಪು ದೀಪ ಅದು. ಹ್ಯಾಂಡ್‌ಬ್ರೇಕ್‌ ಎಳೆದಿದ್ದರೂ ಅದೇ ಹೊತ್ತುವುದರಿಂದ ಜನ ಅದನ್ನು ಹಗುರವಾಗಿ ನೋಡುತ್ತಾರೆ. ಹ್ಯಾಂಡ್‌ಬ್ರೇಕ್‌ ಪೂರ್ತಿ ಇಳಿಸಿದ ಮೇಲೂ ಮಾಲೆಮನೆ ಘಟ್ಟದ ಇಳಿಜಾರಿನಲ್ಲಿ, ಗಾಡಿಯ ಮೂಗು ಕೆಳಗಾದಾಗ ಅದು ಮಿನುಗಿದರೆ, ಬ್ರೇಕ್‌ ಆಯಿಲ್‌ ಡಬ್ಬಿಯಲ್ಲಿ ಅಳತೆ ಕೆಳಗಿನ ಗೆರೆಗೆ ಬಂದಿದೆ ಎಂದರ್ಥ.

ಇಲ್ಲಿ ಹಲವರು ಎಡವುತ್ತಾರೆ: ಡಬ್ಬಿಗೆ ಆಯಿಲ್‌ ಸುರಿದು, ದೀಪ ಆರಿತು ಎಂದು ಸುಮ್ಮನಾಗುತ್ತಾರೆ. ಬ್ರೇಕ್‌ ಆಯಿಲ್‌ ಉರಿದು ಖರ್ಚಾಗುವ ವಸ್ತುವಲ್ಲ. ಅಳತೆ ಇಳಿದಿದೆ ಎಂದರೆ ಒಂದೋ ಪ್ಯಾಡುಗಳು ಸವೆದು ಪಿಸ್ಟನ್‌ ಮುಂದೆ ಬಂದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ಚಕ್ರ ಬಿಚ್ಚಿ ನೋಡಬೇಕು.

ನಮ್ಮ ಕರಾವಳಿಗೆ ಇನ್ನೊಂದು ಸಂಕಟ. ಬ್ರೇಕ್‌ ಆಯಿಲ್‌ ಗಾಳಿಯ ತೇವ ಹೀರುತ್ತದೆ. ಡಾಟ್‌ 4 ದರ್ಜೆಯ ಹೊಸ ಆಯಿಲ್‌ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ್ದಕ್ಕೆ ಆ ಮಾನದಂಡದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್‌ ಒತ್ತಿಕೊಂಡೇ ಬಂದರೆ ಆಯಿಲ್‌ ಕುದಿದು ಗುಳ್ಳೆ ಏಳುತ್ತದೆ, ಪೆಡಲ್‌ ಹತ್ತಿಯಂತೆ ಒಳಗೆ ಹೋಗುತ್ತದೆ. ಇದಕ್ಕೆ ಯಾವ ದೀಪವೂ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ, ಹತ್ತುವ ಗೇರಿನಲ್ಲೇ ಇಳಿಯಿರಿ.

ಕಾಳಿ ದಂಡೆ

ಕಾರವಾರದಿಂದ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಹಳದಿ ಏಬಿಎಸ್‌ ದೀಪ ಮಳೆ ಶುರುವಾದಾಗ ಬರುತ್ತದೆ, ಕೆಲವು ದಿನ ಇರುತ್ತದೆ, ಹೋಗುತ್ತದೆ. ಬ್ರೇಕ್‌ ಸರಿಯಾಗಿಯೇ ಹಿಡಿಯುತ್ತಿದೆ. ಇದನ್ನೂ ನಿಂತು ನೋಡಬೇಕೇ?

ಗೇರುಸೊಪ್ಪೆ ಇಳಿಜಾರು

ಹಳದಿ ಒಂದೇ ಇದ್ದರೆ ಸಾಮಾನ್ಯ ಬ್ರೇಕ್‌ ಕೆಲಸ ಮಾಡುತ್ತದೆ. ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್‌ ಆಗಿ ಗಾಡಿ ಜಾರುವುದನ್ನು ತಡೆಯುವವರಿಲ್ಲ. ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಏಬಿಎಸ್‌ ಕಡ್ಡಾಯ ಮಾಡಿದ್ದೇ ಇದಕ್ಕಾಗಿ. ಒದ್ದೆ ರಸ್ತೆಯಲ್ಲಿ ಅಂತರ ಹೆಚ್ಚು ಬಿಟ್ಟು ಓಡಿಸಿ, ಅದೇ ವಾರ ತೋರಿಸಿ. ಪ್ರತಿ ಚಕ್ರದ ಬಳಿ ವೇಗ ಅಳೆಯುವ ಸೆನ್ಸರ್‌ ಇದೆ. ಉಪ್ಪುಗಾಳಿಗೆ ಅದರ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಕೆಮ್ಮಣ್ಣಿನ ಕೆಸರು ಮೆತ್ತಿಕೊಳ್ಳುತ್ತದೆ. ಹಲವು ಸಲ ಶುಚಿ ಮಾಡಿದರೆ ಸಾಕಾಗುತ್ತದೆ.

ಹಳದಿ ಏಬಿಎಸ್‌ ಮತ್ತು ಕೆಂಪು ಬ್ರೇಕ್‌ ದೀಪ ಎರಡೂ ಒಟ್ಟಿಗೆ ಹೊತ್ತಿದರೆ ಮಾತು ಬೇರೆ. ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್‌ ಬಲ ಹಂಚುವ ವ್ಯವಸ್ಥೆಯೇ ಕೆಲಸ ನಿಲ್ಲಿಸಿರಬಹುದು. ಹಿಂದಿನ ಚಕ್ರ ಮೊದಲು ಲಾಕ್‌ ಆಗಿ ಗಾಡಿ ತಿರುಗಿ ನಿಲ್ಲುವ ಅಪಾಯ ಇದೆ. ಅದನ್ನು ಓಡಿಸಿಕೊಂಡು ಘಟ್ಟಕ್ಕೆ ಇಳಿಯಬೇಡಿ.

ಕಾಳಿ ದಂಡೆ

ಧನ್ಯವಾದ. ಎಂಜಿನ್‌ ಚಿತ್ರದ ಹಳದಿ ದೀಪದ ಬಗ್ಗೆಯೂ ಕೇಳಿಬಿಡುತ್ತೇನೆ. ಬ್ಯಾಟರಿಯ ತಂತಿ ಕಳಚಿ ಹತ್ತು ನಿಮಿಷ ಬಿಟ್ಟು ಜೋಡಿಸಿದರೆ ಹೋಗುತ್ತದೆ ಎಂದು ಒಬ್ಬರು ಹೇಳಿದರು.

ಕುಮಟಾ ಗ್ಯಾರೇಜು

ದೀಪ ಹೋಗಬಹುದು, ದೋಷ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಕೋಡ್‌ ಅಳಿಸಿಹೋಗಿ, ನಮಗೆ ಹುಡುಕಲು ಇದ್ದ ಒಂದೇ ಸುಳಿವೂ ಇಲ್ಲವಾಗುತ್ತದೆ. ಮೊದಲು ಸ್ಕ್ಯಾನರ್‌ ಹಾಕಿ ಕೋಡ್‌ ಬರೆದುಕೊಳ್ಳಿ. ಪಿ0301 ಎಂದರೆ ಒಂದನೇ ಸಿಲಿಂಡರ್‌ ಸರಿಯಾಗಿ ಉರಿಯುತ್ತಿಲ್ಲ. ಪಿ0171 ಎಂದರೆ ಗಾಳಿಗೆ ತಕ್ಕ ಇಂಧನ ಸಿಗುತ್ತಿಲ್ಲ. ಕೋಡ್‌ ದಾರಿ ತೋರಿಸುತ್ತದೆ ಅಷ್ಟೇ, ಯಾವ ಬಿಡಿಭಾಗ ಬದಲಿಸಬೇಕು ಎಂದು ಹೇಳುವುದಿಲ್ಲ. ಕೋಡ್‌ ನೋಡಿದ ಕೂಡಲೇ ಬಿಡಿಭಾಗ ತರಿಸುವವರ ಬಗ್ಗೆ ಎಚ್ಚರ ಇರಲಿ.

ದೀಪ ಸ್ಥಿರವಾಗಿದ್ದು ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆಗೆ ಹೋಗಿ, ಬೇಗ ತೋರಿಸಿ. ದೀಪ ಮಿಟುಕುತ್ತಾ ಎಂಜಿನ್‌ ನಡುಗುತ್ತಿದ್ದರೆ ಆಕ್ಸಿಲರೇಟರ್‌ ಬಿಡಿ, ನಿಲ್ಲಿಸಿ. ಉರಿಯದ ಪೆಟ್ರೋಲ್‌ ಸೈಲೆನ್ಸರ್‌ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್‌ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಸಾವಿರದಲ್ಲಿ ಮುಗಿಯುವ ಇಗ್ನಿಷನ್‌ ಕಾಯಿಲ್‌ ಕೆಲಸ ಅದರ ಹಲವು ಪಟ್ಟಿಗೆ ಏರುತ್ತದೆ.

ಮಳೆಗಾಲದಲ್ಲಿ ನನ್ನ ಬಳಿ ಬರುವ ಈ ದೀಪದ ಗಾಡಿಗಳಲ್ಲಿ ದೊಡ್ಡ ಪಾಲು ಇಲಿಯ ಕೆಲಸ. ಹೊರಗೆ ನೀರು, ಎಂಜಿನ್‌ ಮೇಲೆ ಬೆಚ್ಚಗೆ. ಬಂದು ಕೂತು ತಂತಿ ಕಡಿಯುತ್ತದೆ. ಏರ್‌ ಫಿಲ್ಟರ್‌ ಡಬ್ಬಿಯೊಳಗೆ ಸಿಪ್ಪೆಗೋಟು ಅಡಿಕೆಯ ಚೂರು, ತೆಂಗಿನ ನಾರು, ಒಣ ಹುಲ್ಲು ಸಿಗುತ್ತವೆ. ಅಡಿಕೆ ಅಟ್ಟದ ಕೆಳಗೆ ಗಾಡಿ ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್‌ ಎತ್ತಿ ನೋಡಿ.

ಸಿದ್ದಾಪುರ ಡೀಸೆಲ್‌

ಬಿಎಸ್‌6 (ಹೊಗೆಯ ಮಿತಿ ಹೇಳುವ ಮಾನದಂಡ) ಡೀಸೆಲ್‌ನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2020ರ ಏಪ್ರಿಲ್‌ 1ರಿಂದ ಬಂದ ಡೀಸೆಲ್‌ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್‌ ಎಂಬ ಫಿಲ್ಟರ್‌ ಇದೆ. ತೋಟದಿಂದ ಪೇಟೆ, ಪೇಟೆಯಿಂದ ಸೊಸೈಟಿ, ಹೀಗೆ ಚಿಕ್ಕ ಓಡಾಟವೇ ಹೆಚ್ಚಾದರೆ ಮಸಿ ಸುಡುವಷ್ಟು ಬಿಸಿ ಅದಕ್ಕೆ ಸಿಗುವುದಿಲ್ಲ, ಹಳದಿ ದೀಪ ಬರುತ್ತದೆ. ಆಗ ಮ್ಯಾನ್ಯುಯಲ್‌ನಲ್ಲಿ ಹೇಳಿದ ವೇಗದಲ್ಲಿ, ನಿಲ್ಲಿಸದೆ ಇಪ್ಪತ್ತು ನಿಮಿಷದಷ್ಟು ಓಡಿಸಿದರೆ ಮಸಿ ಸುಟ್ಟು ದೀಪ ಆರುತ್ತದೆ. ದೊಡ್ಡಮನೆ ಘಟ್ಟದ ತಿರುವುಗಳಲ್ಲಿ ಇದು ಆಗದ ಕೆಲಸ. ಕುಮಟಾದಿಂದ ಹೆದ್ದಾರಿ ಹಿಡಿದು ಅಂಕೋಲಾ ಕಡೆ ಹೋಗಿ ಬಂದರೆ ಸಲೀಸು.

ಸುಡುವ ಹೊತ್ತಿನಲ್ಲಿ ಫಿಲ್ಟರ್‌ ಒಳಗೆ ಸುಮಾರು 600 ಡಿಗ್ರಿ ಬಿಸಿ ಇರುತ್ತದೆ. ಬೇಸಿಗೆಯಲ್ಲಿ ದರಕು (ಒಣ ಎಲೆ) ಬಿದ್ದ ಜಾಗದ ಮೇಲೆ, ಹುಲ್ಲಿನ ಬಣವೆ ಪಕ್ಕ ಗಾಡಿ ತಂದು ನಿಲ್ಲಿಸಬೇಡಿ.

ಕುಮಟಾ ಗ್ಯಾರೇಜು

ಅದಕ್ಕೇ ಸೇರಿದ್ದು: ಮಸಿ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್‌ ಇಂಧನ ಹೋಗಿ ಎಂಜಿನ್‌ ಆಯಿಲ್‌ಗೆ ಬೆರೆಯುತ್ತದೆ. ಅಂಥ ಗಾಡಿಯ ಡಿಪ್‌ಸ್ಟಿಕ್‌ನಲ್ಲಿ ಅಳತೆ ಇಳಿಯುವ ಬದಲು ಏರುತ್ತದೆ. ‘ಆಯಿಲ್‌ ತುಂಬಾ ಇದೆ, ಒಳ್ಳೆಯದಾಯಿತು’ ಎಂದುಕೊಳ್ಳಬೇಡಿ. ತೆಳ್ಳಗಾದ ಆಯಿಲ್‌ ಒತ್ತಡ ಹಿಡಿಯುವುದಿಲ್ಲ.

ಹುಲೇಕಲ್‌ ಕಡೆಯವಳು

ಇವತ್ತು ಬೇರೊಂದು ಕಡೆ ಗಾಡಿ ಎತ್ತಿಸಿ ನೋಡಿದೆವು. ಹಿಂದಿನ ಸರ್ವಿಸ್‌ನಲ್ಲಿ ಫಿಲ್ಟರ್‌ ಹಾಕುವಾಗ ಹಳೆಯ ರಬ್ಬರ್‌ ಉಂಗುರ ಅಲ್ಲೇ ಅಂಟಿಕೊಂಡಿತ್ತು, ಅದರ ಮೇಲೆಯೇ ಹೊಸದನ್ನು ಬಿಗಿದಿದ್ದರು. ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಬದಲಿಸಿ, ಆಯಿಲ್‌ ಹೊಸದು ಹಾಕಿಸಿ, ಒತ್ತಡವನ್ನೂ ಅಳೆಸಿದೆ, ಸರಿಯಾಗಿದೆ ಎಂದರು. ಅಮ್ಮನ ಜೊತೆ ಘಟ್ಟ ಹತ್ತಿ ಮನೆ ಸೇರಿದ್ದೇವೆ. ದೀಪ ಒಂದು ತಿರುವಿನಲ್ಲೂ ಬರಲಿಲ್ಲ. ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಕಾಳಿ ದಂಡೆ

ಸಮಾಧಾನವಾಯಿತು. ನನ್ನ ತಮ್ಮ ಹಳೆಯ ಕಾರು ಕೊಳ್ಳುತ್ತಿದ್ದಾನೆ. ದೀಪಗಳೇ ಸುಳ್ಳು ಹೇಳದಂತೆ ಪರೀಕ್ಷಿಸುವುದು ಹೇಗೆ?

ಕುಮಟಾ ಗ್ಯಾರೇಜು

ಎಂಜಿನ್‌ ಶುರು ಮಾಡದೆ ಕೀಯನ್ನು ಆನ್‌ಗೆ ಮಾತ್ರ ತಿರುಗಿಸಲಿ. ಬಟನ್‌ ಇದ್ದರೆ ಕ್ಲಚ್‌, ಬ್ರೇಕ್‌ ಒತ್ತದೆ ಬಟನ್‌ ಒತ್ತಲಿ. ಮೀಟರಿನ ಎಚ್ಚರಿಕೆ ದೀಪಗಳು ಹೊತ್ತಬೇಕು. ಏರ್‌ಬ್ಯಾಗ್‌ ಮತ್ತು ಏಬಿಎಸ್‌ ದೀಪಗಳು ಕೆಲವು ಸೆಕೆಂಡಿನಲ್ಲಿ ತಾವಾಗಿ ಆರುತ್ತವೆ. ಆಯಿಲ್‌ ಮತ್ತು ಬ್ಯಾಟರಿ ದೀಪಗಳು ಎಂಜಿನ್‌ ಶುರುವಾಗುವವರೆಗೆ ಉಳಿಯುತ್ತವೆ, ಆಮೇಲೆ ತಕ್ಷಣ ಆರುತ್ತವೆ.

ಏರ್‌ಬ್ಯಾಗ್‌ ದೀಪ ಹೊತ್ತಲೇ ಇಲ್ಲ ಎಂದರೆ ಬಲ್ಬ್‌ ತೆಗೆದಿದ್ದಾರೆ, ಇಲ್ಲವೇ ಮೇಲೆ ಅಂಟು ಹಚ್ಚಿದ್ದಾರೆ. ಆಯಿಲ್‌ ದೀಪ ಆರುವ ಕ್ಷಣಕ್ಕೆ ಸರಿಯಾಗಿ ಏರ್‌ಬ್ಯಾಗ್‌ ದೀಪವೂ ಆರಿದರೆ ಎರಡರ ತಂತಿ ಜೋಡಿಸಿ ಕಣ್ಣಿಗೆ ಮಣ್ಣೆರಚಿರುವ ಸಂಶಯ ಇದೆ. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗಿಗೆ ಹೊಸದು ಹಾಕದೆ ಮುಚ್ಚಿದ ಗಾಡಿಗಳಲ್ಲಿ ಹೀಗೆ ಮಾಡುತ್ತಾರೆ. ಸ್ಕ್ಯಾನರ್‌ ಹಾಕಿ ಏರ್‌ಬ್ಯಾಗ್‌ ಕಂಪ್ಯೂಟರ್‌ ಉತ್ತರ ಕೊಡುತ್ತದೆಯೇ ನೋಡಿಸಿ. ಉತ್ತರ ಬರದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಆ ಗಾಡಿ ಬೇಡ.

ಅರಬೈಲ್‌ ದಾರಿ

ರಸ್ತೆಯಲ್ಲಿ ನಿಂತವರಿಗೆ ಬೇಕಾಗುವ ಎರಡು ಸಂಖ್ಯೆ ಬರೆದಿಡುತ್ತೇನೆ: ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112. ಘಟ್ಟದಲ್ಲಿ ಸಿಗ್ನಲ್‌ ಇಲ್ಲದಿದ್ದರೆ ಬರುವ ಬಸ್ಸಿಗೆ ಕೈ ಮಾಡಿ. ಚಾಲಕ ನಿರ್ವಾಹಕರು ಮುಂದಿನ ಊರಿಗೆ ಸುದ್ದಿ ಮುಟ್ಟಿಸುತ್ತಾರೆ. ತ್ರಿಕೋನ ಫಲಕವನ್ನು ಗಾಡಿಯ ಹಿಂದೆ ಇಟ್ಟರೆ ಸಾಲದು, ಹಿಂದಿನ ತಿರುವಿಗೂ ಮೊದಲೇ, ಬರುವವರಿಗೆ ಕಾಣುವ ಕಡೆ ಇಡಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ, ಹೊರಡುವಾಗ ಆ ಕಲ್ಲನ್ನು ತೆಗೆದು ಗುಡ್ಡದ ಬದಿಗೆ ಹಾಕಿ ಹೋಗಿ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ.